ಸಿಕ್ಕಿದ ಬೀಗದಕೈ

ಬೀಗದಕೈ ತಣ್ಣಗಿದೆ, ತೂತಿನೊಳಗೆ ಸಲೀಸಾಗಿ ಹೋಯಿತು, ಇನ್ನು ತಿರುಗಿಸಿದರೆ ಆಯಿತು, ತಿರುಗಿಸುತ್ತೇನೆ — ಬಾಗಿಲಿನಾಚೆ ಫ್ಯಾನಿನ ಕಿರ್ರ್ ಸದ್ದು ಮಾತ್ರ, ಅಂದರೆ ಮನೆಗೇ ಬರುವ ರೋಗಿಗಳಲ್ಲಿ ಕೊನೆಯವನೂ ಹೋಗಿಯಾಗಿದೆ, ಕಾಲು ಚಾಚಿ ಕೂತಿರುತ್ತಾರೆ ಇವರು, ಊರ ಮಂದಿಯ ಮನಸ್ಸನ್ನೆಲ್ಲ ಬಿಚ್ಚಿ ನೋಡುವ ಡಾಕ್ಟರು, ನನ್ನ ಗಂಡ. ಇವತ್ತು ಹೇಳಿಯೇಬಿಡಬೇಕು, ನಾಳೆ ಅಕ್ಕನ ಮನೆಗೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ, ಅಷ್ಟೇ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೇನೆ, ಆದರೆ ಇವರು ಹ್ಞೂಂ ಅನ್ನುತ್ತಾರೆ, ಆ ಹ್ಞೂಂ, ಆಮೇಲೆ ಮೆತ್ತಗೆ, ಇದು ನಿಮ್ಮಪ್ಪನ ಮೇಲಿನ ಸಿಟ್ಟು ಕಣೇ, ನನ್ನ ಮೇಲಲ್ಲ. ಅಪ್ಪನ ಮೇಲೆ ನನಗೆಲ್ಲಿಯ ಸಿಟ್ಟು, ಪಾಪ, ಸೈಕಲ್ಲಿನಲ್ಲಿ ಮುಂದೆ ಕೂರಿಸಿಕೊಂಡು ಸುತ್ತಾಡಿಸಿದ ಅಪ್ಪ, ಇಲ್ಲ ಅಂದರೆ, ನೋಡು, ಎಷ್ಟು ಜೋರಾಗಿ ಇಲ್ಲ ಅಂದೆ, ಅಂದ್ರೆ ಇದೆ, ಅನ್ನುತ್ತಾರೆ. ಹೌದು ಅಂದರೂ ಇದೆ. ಬಾಯಿ ಮುಚ್ಚಿಕೊಂಡಿದ್ದರೆ ಅದಕ್ಕೂ ಇವರ ಹತ್ತಿರ ಒಂದು ಹೆಸರಿದೆ. ಹಾಲು ಉಕ್ಕಿದರೆ ಒಳಮನಸ್ಸು, ನಕ್ಕರೆ ಒಳಮನಸ್ಸು, ಕನಸು ಬಿದ್ದರಂತೂ ನನ್ನ ಕಥೆ ಮುಗಿದೇ ಹೋಯಿತು. ಫೋನಿನಲ್ಲಿ ಅತ್ತರೆ ಅಮ್ಮ, ಬೈಯಲ್ಲ, ಹೊಡೆಯಲ್ಲ, ಕುಡಿಯಲ್ಲ, ಇನ್ನೇನೇ ಬೇಕು ನಿಂಗೆ, ಹೇಳಿದ್ದನ್ನ ಕೂತು ಕೇಳ್ತಾರಲ್ಲ ಪುಣ್ಯಾತ್ಮ. ಕೇಳ್ತಾರಮ್ಮ, ನಾನು ಹೇಳಿದ್ದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಕೇಳ್ತಾರೆ. ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ದಿನವಿಡೀ ಅಚ್ಚಿಗೆ ಪ್ಲಾಸ್ಟರು ಹುಯ್ಯುತ್ತೇನೆ, ಯಾರ್ಯಾರದೋ ಬಾಯಿಗಳು, ಒಣಗಿ ಬೆಳ್ಳಗೆ ಸಾಲಾಗಿ ಕೂತಿರುತ್ತವೆ, ಅವುಗಳ ಜೊತೆ ಎಷ್ಟು ಹಾಯಾಗಿ ಮಾತಾಡುತ್ತೇನೆ, ಒಂದಾದರೂ ಹ್ಞೂಂ ಅನ್ನುವುದಿಲ್ಲ. ಅಲ್ಲೇ ಇವತ್ತು ಸಿಕ್ಕಿತು, ಪ್ಲಾಸ್ಟರ್ ಪುಡಿಯ ಡಬ್ಬದ ತಳದಲ್ಲಿ, ಹೋದ ತಿಂಗಳು ಕಾಣೆಯಾಗಿದ್ದ ಈ ಬೀಗದಕೈ. ಬೇಕಂತಲೇ ಕಳೆದಿದ್ದೀಯ, ನಿಂಗೆ ಗೊತ್ತಿಲ್ಲ ಅಷ್ಟೆ, ನಿನ್ನ ಒಳಮನಸ್ಸಿಗೆ ಈ ಮನೆಗೆ ಬರೋಕೆ ಇಷ್ಟ ಇಲ್ಲ, ಅಂದಿದ್ದರು, ನಗುನಗುತ್ತ, ಟೀ ಹೀರುತ್ತ, ನನಗೆ ಮೈಯೆಲ್ಲ ಉರಿದು ಸುಳ್ಳು ಅಂತ ಕೂಗಿದ್ದೆ. ಆ ಡಬ್ಬಕ್ಕೆ ಕೈ ಹಾಕುವವಳು ನಾನೊಬ್ಬಳೇ. ಹಾಗಾದರೆ — ಥೂ. ಹೊರಟರೆ ಇವರ ಮಾತೇ ನಿಜ, ನಾನು ಆವತ್ತೇ ಹೇಳಿರಲಿಲ್ವಾ ಅಂತ ಚೀಲ ಎತ್ತಿಕೊಟ್ಟು ಕಳಿಸುತ್ತಾರೆ, ಹೊರಡದಿದ್ದರೆ ನನ್ನ ಮಾತು ಉಳಿಯುತ್ತದೆ, ಜೊತೆಗೆ ನಾನೂ ಇಲ್ಲೇ ಉಳಿಯುತ್ತೇನೆ. ಇವರು ಮೊದಲೇ ಹೇಳಿರದ ಒಂದೇ ಒಂದು ಆಸೆ ನನ್ನಲ್ಲಿ ಇರಬಾರದಿತ್ತೇ, ಅಳು ಬರುತ್ತಿದೆ, ತಿರುಗು, ಕೈಯೇ, ತಿರುಗು — ಒಳಗೆ ಕುರ್ಚಿ ಸರಿಯಿತು, ಯಾಕೆ ಅಲ್ಲೇ ನಿಂತೆ, ತೆಗೀಲಾ. ಬೇಡ, ನನ್ನ ಹತ್ರ ಕೀ ಇದೆ. ಇದೆ, ಬೀಗದೊಳಗಿದೆ, ಬೆರಳು ಅದರ ಮೇಲಿದೆ, ಉಗುರಿನ ಸಂದಿಯಲ್ಲಿ ಬಿಳಿ ಪ್ಲಾಸ್ಟರು, ಬಾಗಿಲಿನ ಆಚೆಯಿಂದ ಮೆತ್ತಗೆ ಹ್ಞೂಂ, ಬೆರಳು ಅದರ ಮೇಲೆಯೇ ಇದೆ, ಬೀಗದೊಳಗೆ ಬೀಗದಕೈ