ಗಾದಿಲಿಂಗಪ್ಪನ ಮೊಬೈಲಿನ ಹಾಡು

ಕಂಪ್ಲಿಯ ರೈಸ್‌ಮಿಲ್ ಮಾಲೀಕ ಗಾದಿಲಿಂಗಪ್ಪನಿಗೆ ದಿನಾ ಸಂಜೆ ಮಿರ್ಚಿ ಬಜ್ಜಿ ಅಂಗಡಿಯ ಬೆಂಚಿನ ಮೇಲೆ ಕೂತು ಲೋಕವನ್ನೆಲ್ಲ ಬೈಯದಿದ್ದರೆ ಉಂಡ ಅನ್ನ ಅರಗುತ್ತಿರಲಿಲ್ಲ.

"ಗಣಿ ಮಣ್ಣು ಮಾರೋರು ಹೆಲಿಕಾಪ್ಟರ್‌ನ್ಯಾಗ ಹಾರ್ತಾರ, ಭತ್ತ ಬೆಳೆಯೋರಿಗೆ ಎಮ್ಮಿಗನೂರಿಗೆ ಹೋಗಾಕ ಬಸ್ಸಿಲ್ಲ! ಇನ್ನ ಈಗಿನ ಸಿನಿಮಾ ಹಾಡು? ಕಿವಿಗೆ ಕಾದ ಎಣ್ಣಿ ಹೊಯ್ದಂಗ!"

ಮಾತಿನ ನಡುವೆ ಅವನ ಹೊಸ ಮೊಬೈಲು ಬಡಿದುಕೊಳ್ಳುತ್ತಿತ್ತು. ಎತ್ತಿ 'ಹಲೋ' ಅಂದರೆ ಕಟ್ಟಾಗುತ್ತಿತ್ತು. ತನ್ನ ದನಿಗೇ ಜನ ಹೆದರುತ್ತಾರೆಂದು ಅವನು ಒಳಗೊಳಗೇ ಬೀಗುತ್ತಿದ್ದ.

ಒಂದು ದಿನ ಮನೆಯಲ್ಲೂ ಹೀಗೇ ಆದಾಗ ಹೆಂಡತಿ ಸಂಗಮ್ಮ ನಗು ತಡೆಯಲಾರದೆ, ತನ್ನ ಫೋನಿನಿಂದ ಅವನ ನಂಬರಿಗೆ ಕರೆ ಹಚ್ಚಿ ಅವನ ಕಿವಿಗೇ ಹಿಡಿದಳು.

"ಕಂಪನಿಯೋರು ಫೋನ್ ಮಾಡಿದಾಗ ಏನೋ ಒತ್ತೀರಿ ನೋಡ್ರಿ. ನಿಮಗ ಹಚ್ಚಿದೋರಿಗೆಲ್ಲ ಈ ಹಾಡು ಕೇಳ್ತೈತಿ. ಊರ ಮಂದಿ ಪುಕ್ಕಟೆ ಕೇಳ್ತಾರ, ನೀವು ಎತ್ತಿದ್ರ ರೊಕ್ಕ ಹೋಗ್ತೈತಂತ ಇಟ್ಟುಬಿಡ್ತಾರ."

ಕಿವಿಯೊಳಗೆ ಯಾವುದೋ ಹೊಸ ಸಿನಿಮಾದ ಹುಡುಗಿ ನಲ್ಲನನ್ನು ಮಳೆಗೆ ಕರೆಯುತ್ತಿದ್ದಳು. ಗಾದಿಲಿಂಗಪ್ಪನ ಮುಖ ಕೆಂಪೇರಿತು. ಮಂಚದ ಮೇಲೆ ಅವನ ಮೊಬೈಲು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಅದನ್ನು ನಿಲ್ಲಿಸಲು ಸಂಗಮ್ಮ ಕೈ ಚಾಚಿದಳು.

"ಲೇ, ಮುಟ್ಟಬ್ಯಾಡ!" ಗಾದಿಲಿಂಗಪ್ಪ ಗದರಿದ. "ಪಲ್ಲವಿ ಮುಗೀಲಿ."