ದೀಪದ ಪಾಳಿ

ಅಪ್ಪ ಸತ್ತ ಮೇಲೆ ಮನೆಯಲ್ಲಿ ಉಳಿದದ್ದು ಒಂದೇ ಕೆಲಸ, ದೀಪ ಕಾಯುವುದು. ಜಗಲಿಯಲ್ಲಿ ಹೆಣ ಮಲಗಿಸಿದ್ದ ಕಡೆ ಹಚ್ಚಿಟ್ಟ ಎಣ್ಣೆದೀಪ ಹನ್ನೊಂದನೇ ದಿನದ ಕ್ರಿಯೆ ಮುಗಿಯುವವರೆಗೂ ಆರಬಾರದು. ಅದು ಉರಿಯುವಷ್ಟು ದಿನ ಹೋದವರು ಮನೆಯಲ್ಲೇ ಇರುತ್ತಾರೆ ಎಂಬುದು ಅಮ್ಮನ ನಂಬಿಕೆ. ಅವಳು ಊಟ ಬಿಟ್ಟಿದ್ದಳು, ಮಾತೂ ಬಿಟ್ಟಿದ್ದಳು. ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿ, ಆಗಾಗ “ದೀಪ ಉರೀತಿದ್ಯಾ?” ಎಂದಷ್ಟೇ ಕೇಳುತ್ತಿದ್ದಳು. ಜಗಲಿಯ ಬೆಳಕು ಆ ಗೋಡೆಯ ಮೇಲೆ ಬೀಳುತ್ತಿತ್ತು. ಅದನ್ನು ನೋಡಿಕೊಂಡು ಮತ್ತೆ ಸುಮ್ಮನಾಗುತ್ತಿದ್ದಳು.

ನನಗೆ ಅಳು ಬಂದಿರಲಿಲ್ಲ. ಕರ್ಕಿಯ ಅರ್ಧ ಊರು ಬಂದು “ಹೆಂಗಾತು ಮಾಲತಿ?” ಎಂದು ಕೇಳಿತು. “ಎದೆನೋವು. ಆಸ್ಪತ್ರೆ ಮುಟ್ಟೂದ್ರೊಳಗೆ ಹೋದ್ರು” ಎಂದು ಶಾಲೆಯಲ್ಲಿ ಹಾಜರಿ ಕರೆದ ಹಾಗೆ ಎಲ್ಲರಿಗೂ ಹೇಳಿದೆ. ಕೆಲವರು ನನ್ನ ಒಣ ಕಣ್ಣುಗಳನ್ನು ಬಗ್ಗಿ ನೋಡಿಹೋದರು. ನೋಡಲಿ. ಅವರಿಗೆ ತೋರಿಸಲಿಕ್ಕೆಂದು ಅಳುವ ಜಾತಿ ನನ್ನದಲ್ಲ.

ನಾನು ಮತ್ತು ತಮ್ಮ ಭಾಸ್ಕರ ಪಾಳಿ ಹಾಕಿಕೊಂಡು ದೀಪದ ಪಕ್ಕ ಕೂರುತ್ತಿದ್ದೆವು. ಸಂಜೆ ಊಟದವರೆಗೆ ಅವನು, ಆಮೇಲೆ ನಾನು. ಹೊತ್ತಿಳಿಯುವಾಗ ಸರಿಯಾಗಿ ಕರೆಂಟು ತೆಗೆಯುತ್ತಿದ್ದರು. ಸುಮ್ಮನೆ ಕೂತರೆ ತೂಕಡಿಕೆ ಬರುತ್ತದೆಂದು ಇಬ್ಬರೂ ಓದುತ್ತಿದ್ದೆವು. ಅವನದು ಕುಮಟಾದ ಆಫೀಸಿನ ಲ್ಯಾಪ್‌ಟಾಪ್. ನನ್ನದು ಭಟ್ಕಳದಲ್ಲಿ ದುಬೈ ಸಾಮಾನು ಮಾರುವ ಅಂಗಡಿಯಿಂದ ನನ್ನ ಗಂಡ ತಂದುಕೊಟ್ಟಿದ್ದ ಪುಸ್ತಕ ಓದುವ ಯಂತ್ರ. ಅದರ ಪರದೆಗೆ ಸ್ವಂತ ಬೆಳಕಿಲ್ಲ. ಥೇಟ್ ಕಾಗದವೇ, ಓದಬೇಕಾದರೆ ಬೇರೆ ಬೆಳಕು ಬೇಕು.

“ಇದೆಂತ ಮಿಷನ್ನಾ ಅಕ್ಕಾ? ದುಡ್ಡು ಕೊಟ್ಟು ಶಾಲೆ ಮಕ್ಳ ಪಾಟಿ ತಕಂಡಿ” ಎಂದು ಭಾಸ್ಕರ ಮೊದಲ ದಿನವೇ ಕಿಚಾಯಿಸಿದ್ದ. “ಕತ್ಲಾದ್ರೆ ಎಂತ ಮಾಡ್ತಿ?”

“ದೀಪದ ಹತ್ರ ಸರೀತೆ. ಕಣ್ಣಾದ್ರೂ ಉಳೀತದೆ. ನೀನು ನಿನ್ನ ಲ್ಯಾಪ್‌ಟಾಪಿನ ಟ್ಯೂಬ್‌ಲೈಟು ನೋಡ್ತಾ ಕೂತ್ಕೋ” ಎಂದಿದ್ದೆ.

ಓದಿದ್ದೇನೂ ತಲೆಗೆ ಹೋಗುತ್ತಿರಲಿಲ್ಲ. ಆದರೆ ಪುಟ ಮಸುಕಾದರೆ ಬತ್ತಿ ಕುಗ್ಗಿದೆಯೆಂದು ಗೊತ್ತಾಗುತ್ತಿತ್ತು. ಎಣ್ಣೆ ಹಾಕಿ ಬತ್ತಿ ಮುಂದೆ ಮಾಡಿದರೆ ಅಕ್ಷರ ಮತ್ತೆ ಎದ್ದು ಕಾಣುತ್ತಿತ್ತು. ಹೀಗೆ ಏಳು ದಿನ ಕಳೆಯಿತು. ಮರದ ಕೊರಡಿನ ಹಾಗೆ ಕಳೆದೆ ಎನ್ನಬೇಕು.

ಎಂಟನೇ ಸಂಜೆ ನಾನು ಅಡುಗೆಮನೆಯಲ್ಲಿ ಗಂಜಿ ಬಸಿಯುತ್ತಿದ್ದೆ. “ದೀಪ ಉರೀತಿದ್ಯಾ?” ಎಂದು ಒಳಗಿಂದ ಅಮ್ಮ ಕೇಳಿದ್ದೂ, “ಹೂಂ” ಎಂದು ಭಾಸ್ಕರ ಹೇಳಿದ್ದೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಕೈತೊಳೆದು, ಯಂತ್ರ ಹಿಡಿದುಕೊಂಡು ಜಗಲಿಗೆ ಬಂದೆ. ಭಾಸ್ಕರ ಯಾವುದೋ ಪತ್ತೇದಾರಿ ಕಾದಂಬರಿಯಲ್ಲಿ ಮುಳುಗಿದ್ದ. ಜಗಲಿಯ ತುಂಬ ಬೆಳಕಿತ್ತು.

ನಾನು ಕೂರಲು ಬಗ್ಗಿದೆ. ಅಷ್ಟರಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿ ಮುಗಿದು ಪರದೆ ಆರಿತು.

ಕಣ್ಣಿಗೆ ಏನೂ ಕಾಣಲಿಲ್ಲ. ಎದುರಿನ ದೀಪವೂ ಕಾಣಲಿಲ್ಲ. ಅದು ಆರಿಹೋಗಿತ್ತು. ಎಷ್ಟು ಹೊತ್ತಿನ ಹಿಂದೆಯೋ, ದೇವರಿಗೇ ಗೊತ್ತು. ಅವನ ಪರದೆಯ ಬೆಳಕಿನಲ್ಲಿ ಅವನಿಗೂ ತಿಳಿದಿರಲಿಲ್ಲ, ಗೋಡೆ ನೋಡುತ್ತಿದ್ದ ಅಮ್ಮನಿಗೂ ತಿಳಿದಿರಲಿಲ್ಲ.

“ದೀಪ?” ಎಂದಳು ಅಮ್ಮ.

ಅವಳು ಗೋಡೆ ತಡವುತ್ತ ಬರುವುದು ಕೇಳಿಸಿತು. ಬಂದು ನಮ್ಮಿಬ್ಬರ ನಡುವೆ ಕುಕ್ಕರಿಸಿ ಕೂತಳು. ಬಳೆ ಇರಲಿಲ್ಲವಾದ್ದರಿಂದ ಅವಳು ಕೈ ಚಾಚಿದ್ದು ಗೊತ್ತಾಗಲಿಲ್ಲ.

“ಈಗಷ್ಟೇ ಹೋಯ್ತು ಅಮ್ಮಾ, ಗಾಳಿಗೆ. ಹಚ್ತೆ, ಈಗ್ಲೇ ಹಚ್ತೆ” ಎಂದು ಭಾಸ್ಕರ ನೆಲವೆಲ್ಲ ತಡವಿ ಬೆಂಕಿಪೊಟ್ಟಣ ಹುಡುಕತೊಡಗಿದ.

ಅಷ್ಟರಲ್ಲಿ ಅಮ್ಮ ಬತ್ತಿಯನ್ನು ಮುಟ್ಟಿ ನೋಡಿದ್ದಳು.

“ತಣ್ಣಗಾಗಿದೆ” ಎಂದಳು.

ಅಪ್ಪನನ್ನು ಆಸ್ಪತ್ರೆಯಿಂದ ತಂದು ಇಳಿಸಿದಾಗಲೂ ಅವಳು ಅವನ ಪಾದ ಹಿಡಿದು ಇದನ್ನೇ ಹೇಳಿದ್ದಳು, ಇದೇ ದನಿಯಲ್ಲಿ. ನಾನು ಪಕ್ಕದಲ್ಲೇ ನಿಂತಿದ್ದೆ. ಮಾತು ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ.

ಭಾಸ್ಕರ ಕಡ್ಡಿ ಗೀರಿದ. ಅಮ್ಮ ಅವನ ಕೈ ಹಿಡಿದಳು. “ಬ್ಯಾಡ ತಮಾ. ಹೋದ್ರು ಅವ್ರು.”

ಕಡ್ಡಿ ಉರಿದು ಮುಗಿಯಿತು. ಆ ಕತ್ತಲಲ್ಲಿ ನನಗೆ ಅಪ್ಪ ಸತ್ತದ್ದು ಗೊತ್ತಾಯಿತು.