ಒಂಟಿ ಶೂಗಳ ಕಪಾಟು

ಕುರ್ಚಿ ಹಾಕಲು ಜಾಗ ಮಾಡೋಣವೆಂದು ಬಸ್ ಡ್ರೈವರು ಕಪಾಟನ್ನು ಗೋಡೆಗೆ ಸರಿಸುತ್ತಿದ್ದಾಗ ಅದರ ಬಾಗಿಲು ತೆರೆದುಕೊಂಡು ಶೂಗಳು ದಬದಬನೆ ನೆಲಕ್ಕೆ ಬಿದ್ದವು. ಎಲ್ಲವೂ ಒಂಟಿ. ಒಂದಕ್ಕೂ ಜೋಡಿಯಿಲ್ಲ.

ಶೂ ರಿಪೇರಿಯ ತಾತ ಒಳಕೋಣೆಯಲ್ಲಿ ಹೆಣವಾಗಿ ಮಲಗಿದ್ದ. ಮುಂದಿನ ಕೋಣೆಯೇ ಅವನ ಅಂಗಡಿ. ಕೆಲವರಿಗೆ ಗಳಿಗೆಯಲ್ಲಿ ಕೆಲಸ ಮುಗಿಸಿ ಕೊಡುತ್ತಿದ್ದವನು ಇನ್ನು ಕೆಲವರನ್ನು ‘ನಾಳೆ ಬಾ’ ಅಂತ ತಿಂಗಳುಗಟ್ಟಲೆ ಅಲೆಸುತ್ತಿದ್ದ. ಅದಕ್ಕೇ ಬೀದಿಯವರು ಅವನಿಗೆ ನಾಳೆತಾತ ಎಂದು ಹೆಸರಿಟ್ಟಿದ್ದರು.

ಟೀ ಅಂಗಡಿಯವನು ಶೂ ಆರಿಸುತ್ತಾ, ಕೊರೊನಾ ಕಾಲದಲ್ಲಿ ಡ್ರೈವರಣ್ಣನ ಒಂದೇ ಜೋಡಿಗೆ ಮುದುಕ ವರ್ಷ ಹಿಡಿದ, ಎಂಥ ಸೋಮಾರಿ ಅಂತ ನಕ್ಕ. ಉಳಿದವರೂ ನಕ್ಕರು. ಪ್ರೀತಿಯ ನಗುವೇ. ಆದರೂ ಡ್ರೈವರು ನಗಲಿಲ್ಲ. ನಿಜ ಹೇಳಿಬಿಡಬೇಕು ಅನ್ನಿಸಿತು. ಆದರೆ ಕಿಟಕಿಯ ಬಳಿ ಬೀಗರಾಗಲಿರುವವರು, ಹುಡುಗನ ಅಪ್ಪ, ನಿಂತಿದ್ದಾರೆ, ಮಗಳ ಮದುವೆ ಮಾತುಕತೆ ಮೊನ್ನೆಯಷ್ಟೇ ಮುಗಿದಿದೆ. ಹುಡುಗಿಯ ಅಪ್ಪನಿಗೆ ತಲೆ ಕೆಟ್ಟಿತ್ತಂತೆ ಅನ್ನುವ ಒಂದು ಮಾತು ಸಾಕು, ಸಂಬಂಧ ಮುರಿದುಬೀಳುತ್ತದೆ.

*

ಬಸ್ಸುಗಳೆಲ್ಲ ಡಿಪೋದಲ್ಲಿ ನಿಂತುಹೋದ ಆ ವರ್ಷ ಡ್ರೈವರು ತನ್ನ ಡ್ಯೂಟಿ ಶೂ ತಂದು, ಯಾರಿಗಾದರೂ ಕೊಟ್ಟುಬಿಡು ತಾತ, ನನಗಿನ್ನು ಬೇಡ ಅಂದಿದ್ದ. ತಾತ ದಬ್ಬಳ ಕೆಳಗಿಟ್ಟ. ಮಾಸ್ಕಿನ ಮೇಲಿಂದ ಎವೆಯಿಕ್ಕದೆ ನೋಡಿದ.

“ಸಾಯ್ಬೇಕು ಅನ್ನಿಸ್ತಿದೆಯೇನೋ ಮಗಾ?”

ಅಷ್ಟು ನೇರವಾಗಿ ಹೆಂಡತಿಯೂ ಕೇಳಿರಲಿಲ್ಲ. ಡ್ರೈವರು ಅಲ್ಲೇ ಕುಸಿದು ಗೊಳೋ ಎಂದು ಅತ್ತ. ತಾತ ಮನಸಾರೆ ಅಳಲು ಬಿಟ್ಟ. ಆಮೇಲೆ ಒಂದು ಶೂ ವಾಪಸ್ ಕೊಟ್ಟು, ಇನ್ನೊಂದನ್ನು ಕಪಾಟಿಗೆ ಸೇರಿಸಿದ.

“ಇದು ನನ್ನ ಹತ್ರ ಇರ್ಲಿ. ನಾಳೆ ಬಾ. ಬರ್ಲಿಲ್ಲ ಅಂದ್ರೆ ನಾನೇ ಇದನ್ನ ಹಿಡ್ಕೊಂಡು ನಿನ್ನ ಮನೆ ಬಾಗಿಲಿಗೆ ಬರ್ತೀನಿ ನೋಡು.”

ಡ್ರೈವರು ದಿನಾ ಹೋದ. ದಿನಾ ಒಂದೆರಡು ಹೊಲಿಗೆ, ರಾಶಿ ಮಾತು. ಆಸ್ಪತ್ರೆಗೆ ಹೋಗಲು ಅಂಜಿದಾಗ ತಾತನೇ ಅಂಗಡಿ ಮುಚ್ಚಿ ಜೊತೆಗೆ ನಡೆದ, ಮನಸ್ಸಿನ ಡಾಕ್ಟರ ಬಾಗಿಲಲ್ಲಿ ಕಾದು ಕೂತ. ಡ್ರೈವರು ಮತ್ತೆ ಬಸ್ಸು ಓಡಿಸಿದ ದಿನವೇ ಆ ಶೂ ಕಪಾಟಿನಿಂದ ಇಳಿದದ್ದು. ಬೀದಿಯವರ ಬಾಯಲ್ಲಿ ಸೋಮಾರಿ ಅನ್ನಿಸಿಕೊಂಡನೇ ಹೊರತು ಮುದುಕ ಯಾರ ಗುಟ್ಟನ್ನೂ ಬಿಟ್ಟುಕೊಡಲಿಲ್ಲ. ಎಂಥ ದೊಡ್ಡ ಮನುಷ್ಯ!

*

“ಸೋಮಾರಿ ಅಲ್ಲ ಕಣಯ್ಯಾ.” ಡ್ರೈವರು ಅಂದುಬಿಟ್ಟ. “ಆಗ ನನಗೆ ಬದುಕೇ ಬೇಡವಾಗಿತ್ತು. ತಾತ ಶೂ ಇಟ್ಕೊಂಡಿದ್ದು ಮಾರನೇ ದಿನ ನಾನು ಬರ್ಲಿ ಅಂತ. ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ದೂ ಅವನೇ. ಈಗ್ಲೂ ಹೋಗ್ತೀನಿ.”

ಟೀ ಅಂಗಡಿಯವನು ಕೈಲಿದ್ದ ಶೂವನ್ನು ಮೆಲ್ಲಗೆ ಕೆಳಗಿಟ್ಟ. ಬೀಗರ ಮುಖ ನೋಡುವ ಧೈರ್ಯ ಸಾಲದೆ ಡ್ರೈವರು ನೆಲ ನೋಡುತ್ತಾ ನಿಂತ. ಮಗಳಿಗೆ ಏನಂತ ಹೇಳುವುದು?

ಬೀಗರು ಮುಂದೆ ಬಂದರು. ಬಗ್ಗಿ, ರಾಶಿಯೊಳಗಿಂದ ಕಂದು ಬಣ್ಣದ ಒಂಟಿ ಶೂ ಎತ್ತಿಕೊಂಡು ಅಂಗೈಯಿಂದ ಧೂಳು ಒರೆಸಿದರು.

“ಇದು ನಂದು,” ಅಂದರು. “ನಾಳೆ ಬಾ ಅಂದಿದ್ದ.”

ಡ್ರೈವರು ಕೈ ಚಾಚಿದ.

“ಕೊಡಿ ಇಲ್ಲಿ. ನಾಳೆ ನಮ್ಮನೆಗೆ ಬನ್ನಿ.”

ಹೊರಗೆ ಗಾಡಿ ಬಂದು ನಿಂತಿತು. ತಾತನನ್ನು ಎತ್ತಿದರು. ಡ್ರೈವರು ಒಂದು ಹೆಗಲು ಕೊಟ್ಟ. ಇನ್ನೊಂದು ಕಂಕುಳಲ್ಲಿ ಬೀಗರ ಶೂ ಭದ್ರವಾಗಿತ್ತು.